ಅಂಗಾತ, 54.31 ಸೆಕೆಂಡ್

ಮೊದಲು ಮೂರು ಸಂಖ್ಯೆ ಹೇಳಿಬಿಡ್ತೀನಿ. 53.77, 53.78, 54.31. ಮೂರೂ ಪುರುಷರ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನ ಸಮಯಗಳು, ಸೆಕೆಂಡುಗಳಲ್ಲಿ.

ಮೊದಲನೆಯದು ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಮಾಡಿದ ರಾಷ್ಟ್ರೀಯ ದಾಖಲೆ. ಎರಡನೆಯದು 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್ ಕುಟ್ಸೆ ಚಿನ್ನ ಗೆದ್ದ ಸಮಯ. ಮೂರನೆಯದು ಅದೇ ಫೈನಲ್‌ನಲ್ಲಿ ಶ್ರೀಹರಿ ಏಳನೆಯವನಾಗಿ ಗೋಡೆ ಮುಟ್ಟಿದ ಸಮಯ.

ಈಗ ನಿಮ್ಮ ತಲೆಯಲ್ಲಿ ಏನು ಓಡ್ತಿದೆ ಅಂತ ನನಗೆ ಗೊತ್ತು. ಆ ರಾತ್ರಿ ನನ್ನ ತಲೆಯಲ್ಲೂ ಅದೇ ಓಡಿತ್ತು. ಆಫೀಸಿನ ವಾಟ್ಸಾಪ್ ಗ್ರೂಪಿಗೂ ಮನೆಯವರ ಗ್ರೂಪಿಗೂ ಒಂದೇ ಮೆಸೇಜ್ ಹಾಕಿದೆ: “ಹೋದ ವರ್ಷದ ತನ್ನ ಬೆಸ್ಟ್ ಟೈಮ್ ಈಜಿದ್ದಿದ್ರೆ ಚಿನ್ನ ನಮ್ದೇ. ಸೆಕೆಂಡಿನ ನೂರರಲ್ಲೊಂದು ಭಾಗ ಮುಂದೆ!” ಆಫೀಸ್ ಗ್ರೂಪಲ್ಲಿ ಹೆಬ್ಬೆರಳುಗಳ ಸುರಿಮಳೆ ಆಯ್ತು. ಮನೆ ಗ್ರೂಪಲ್ಲಿ ಒಬ್ಬನೇ ಉತ್ತರ ಬರೆದ. ಶಹಾಪುರದ ಹತ್ತಿರದ ನಮ್ಮೂರಲ್ಲಿರುವ ಅಕ್ಕನ ಮಗ, ಆಗ ಹತ್ತು ವರ್ಷದವನು: “ಮಾಮಾ, ಅಂಗಾತ ಈಸಿದ್ರೂ ಚಿನ್ನ ಕೊಡ್ತಾರೇನು?”

ಈ ಬರಹ ಆ ಮೆಸೇಜನ್ನು ಮೂರು ವರ್ಷ ತಡವಾಗಿ ಡಿಲೀಟ್ ಮಾಡುವ ಪ್ರಯತ್ನ. ಯಾಕೆ ಡಿಲೀಟ್ ಮಾಡ್ಬೇಕು ಅನ್ನೋದನ್ನ ಹೇಳೋಕೆ ಮೊದಲು ನಮ್ಮ ಕಡೆಯ ಈಜಿನ ಬಗ್ಗೆ ಸ್ವಲ್ಪ ಹೇಳ್ಬೇಕು.

ಯಾದಗಿರಿ ಜಿಲ್ಲೆಯನ್ನು ನೀವು ಬಿಸಿಲಿನ ನಾಡು ಅಂತ ಕೇಳಿರ್ತೀರಿ. ಆದ್ರೆ ಇದೇ ಬಿಸಿಲ ನಾಡಲ್ಲಿ ಯಾದಗಿರಿ ಊರ ಪಕ್ಕ ಭೀಮೆ ಹರಿಯುತ್ತೆ, ಸುರಪುರ, ಶಹಾಪುರ ಸೀಮೆಯ ಅಂಚಿಗೆ ಕೃಷ್ಣೆ ಇದೆ, ನಾರಾಯಣಪುರ ಅಣೆಕಟ್ಟೆಯ ಎಡದಂಡೆ ಕಾಲುವೆ ಹೊಲಗಳ ನಡುವೆ ಬರುತ್ತೆ. ನಾನು ಈಜು ಕಲಿತಿದ್ದು ಬಾವಿಯಲ್ಲಿ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ದೊಡ್ಡಪ್ಪ ನೂಕಿದ್ರು. ಅವರ ಮೊದಲ ಪಾಠ ಮುಂದೆ ಹೋಗೋದು ಹೇಗೆ ಅಂತ ಇರಲಿಲ್ಲ. “ದಣಿದಿ ಅಂದ್ರ ಅಂಗಾತ ಆಗು. ಮಾರಿ ಮ್ಯಾಲ, ಹೊಟ್ಟಿ ಮ್ಯಾಲ. ಕೈ ಬಡೀಬ್ಯಾಡ, ನೀರೇ ಹಿಡೀತದ.” ಶಹಾಪುರದ ಕಡೆ ಹೋದವರು ಮಲಗಿದ ಬುದ್ಧನ ಬೆಟ್ಟ ನೋಡಿರ್ತೀರಿ. ಸಾಲು ಗುಡ್ಡಗಳು ಸೇರಿ ಆಕಾಶ ನೋಡ್ತಾ ಅಂಗಾತ ಮಲಗಿದ ಮನುಷ್ಯನ ಹಾಗೆ ಕಾಣುತ್ತೆ. ದೊಡ್ಡಪ್ಪ ಅದನ್ನೇ ತೋರಿಸಿ, ಹಂಗ ಇರಬೇಕು ನೋಡು ಅಂತಿದ್ರು.

ಹಾಗಾಗಿ ನಮ್ಮ ಪಾಲಿಗೆ ಅಂಗಾತ ಈಜು ಅಂದ್ರೆ ವಿಶ್ರಾಂತಿ. ಅದರಲ್ಲಿ ರೇಸ್ ಮಾಡ್ತಾರೆ ಅನ್ನೋದೇ ಅಕ್ಕನ ಮಗನಿಗೆ ತಮಾಷೆಯಾಗಿ ಕಂಡಿದ್ದು ಅದಕ್ಕೇ.

ಇನ್ನೊಂದು ವಿಷಯ. ನಮ್ಮ ಕಡೆ ಈಜಿಗೆ ಎರಡೇ ಫಲಿತಾಂಶ: ದಡ ಸೇರಿದ, ಇಲ್ಲಾ ಸೇರಲಿಲ್ಲ. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ನಡುಗಡ್ಡೆ. 2013ರ ಮಳೆಗಾಲದಲ್ಲಿ ಅಲ್ಲಿಂದ ಒಬ್ಬ ತುಂಬು ಗರ್ಭಿಣಿ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ತುಂಬಿದ ಹೊಳೆ ಈಜಿ ಈ ದಡಕ್ಕೆ ಬಂದಿದ್ದು ದೇಶವಿದೇಶಗಳಲ್ಲಿ ಸುದ್ದಿಯಾಗಿತ್ತು. ಆ ಈಜಿಗೆ ಎಷ್ಟು ನಿಮಿಷ ಹಿಡೀತು ಅಂತ ಯಾರು ಕೇಳ್ತಾರೆ? ಬಂದಳು, ಅಷ್ಟು ಸಾಕು. ಈ ಪಾಸ್-ಫೇಲ್ ಲೆಕ್ಕ ನನ್ನ ರಕ್ತದಲ್ಲಿದೆ. ಬರ್ಮಿಂಗ್‌ಹ್ಯಾಮ್ ಫೈನಲ್ಲನ್ನೂ ನಾನು ಹಾಗೇ ಓದಿದ್ದೆ: ಪದಕ ಇಲ್ಲ, ದಡ ಸೇರಲಿಲ್ಲ, ಛೇ.

ಈಗ ಆ ರೇಸ್‌ಗೆ ಬರೋಣ. ಆಮೇಲೆ ವಿಡಿಯೋ ಎಷ್ಟು ಸಲ ನೋಡಿದೀನೋ ಲೆಕ್ಕ ಇಟ್ಟಿಲ್ಲ.

ಬ್ಯಾಕ್‌ಸ್ಟ್ರೋಕ್ ವಿಚಿತ್ರ ಸ್ಪರ್ಧೆ. ಉಳಿದ ಮೂರು ಶೈಲಿಗಳಲ್ಲಿ ಕಟ್ಟೆ ಮೇಲಿಂದ ಧುಮುಕ್ತಾರೆ. ಇಲ್ಲಿ ಮಾತ್ರ ನೀರಲ್ಲಿ ಇಳಿದು, ಕಟ್ಟೆಯ ಹಿಡಿ ಹಿಡಿದು, ಗೋಡೆಗೆ ಕಾಲು ಒತ್ತಿ, ಕಪ್ಪೆ ಹಾಗೆ ಕೂತು ಕಾಯಬೇಕು. ಗುಂಡಿನ ಸದ್ದಿಗೆ ಹಿಂದಕ್ಕೆ ಬಿಲ್ಲಿನಂತೆ ಹಾರಬೇಕು. ನೀರೊಳಗೆ ಮೀನಿನ ಹಾಗೆ ಸೊಂಟ ಆಡಿಸ್ತಾ ಹೆಚ್ಚೆಂದರೆ 15 ಮೀಟರ್ ಹೋಗಬಹುದು, ಅಷ್ಟರೊಳಗೆ ತಲೆ ಮೇಲೆ ಬರಲೇಬೇಕು. ಅಲ್ಲಿಂದಾಚೆ ಎಲ್ಲಿಗೆ ಹೋಗ್ತಿದೀನಿ ಅಂತ ಕಾಣಲ್ಲ. ಕಾಣೋದು ಛಾವಣಿ, ದೀಪ, ಮತ್ತೆ ಗೋಡೆಗೆ 5 ಮೀಟರ್ ಇರುವಾಗ ತಲೆ ಮೇಲೆ ಅಡ್ಡ ಕಟ್ಟಿದ ಬಾವುಟಗಳ ಸಾಲು. ಬಾವುಟ ಕಂಡಾಗಿನಿಂದ ಎಷ್ಟು ಕೈ ಹಾಕಿದ್ರೆ ಗೋಡೆ ಸಿಗುತ್ತೆ ಅನ್ನೋದು ಪ್ರತಿಯೊಬ್ಬನಿಗೂ ಬಾಯಿಪಾಠ. ತಿರುವಿನಲ್ಲಿ ಬೋರಲಾಗಿ ಉರುಳಬಹುದು. ಕೊನೆಯಲ್ಲಿ ಮಾತ್ರ ಅಂಗಾತವೇ ಮುಟ್ಟಬೇಕು. ನೋಡದೆ, ಪೂರ್ತಿ ವೇಗದಲ್ಲಿ, ತಲೆಯ ಹಿಂದಿನ ಗೋಡೆಗೆ ಕೈ ಚಾಚಬೇಕು.

ಶ್ರೀಹರಿ ಈ ಕೆಲಸವನ್ನು ಎರಡು ದಿನದಲ್ಲಿ ಮೂರು ಸಲ ಮಾಡಿದ. ಜುಲೈ 29ರ ಹೀಟ್ಸ್‌ನಲ್ಲಿ 54.68. ಅದೇ ದಿನ ಸೆಮಿಫೈನಲ್‌ನಲ್ಲಿ 54.55, ಒಟ್ಟಾರೆ ಏಳನೆಯವನಾಗಿ ಫೈನಲ್‌ಗೆ. ಮರುದಿನ ಫೈನಲ್‌ನಲ್ಲಿ 54.31. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ವೇಗ. ಆ ಮೂರು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡಿದ ದಿನ ನನ್ನ ಮೆಸೇಜ್ ಬಗ್ಗೆ ನನಗೆ ಮೊದಲ ಸಲ ನಾಚಿಕೆ ಆಯ್ತು. ಯಾಕಂದ್ರೆ ಅಲ್ಲಿ ನಿಜವಾಗಿ ನಡೆದಿದ್ದು ಇದು. ನಾನು ಹೊಗಳಿದ್ದು ನಡೆಯದೇ ಇದ್ದ ಒಂದು ಈಜನ್ನ.

ಫೈನಲ್‌ನಲ್ಲಿ ಕಂಚು ಗೆದ್ದ ಆಸ್ಟ್ರೇಲಿಯಾದ ಬ್ರಾಡ್ಲಿ ವುಡ್‌ವರ್ಡ್ 54.06. ಬೆಳ್ಳಿ ಗೆದ್ದ ಇಂಗ್ಲೆಂಡಿನ ಬ್ರಾಡಿ ವಿಲಿಯಮ್ಸ್ 53.91. ಶ್ರೀಹರಿಗೂ ಕಂಚಿಗೂ ಕಾಲು ಸೆಕೆಂಡ್ ಅಂತರ. ಆ ವೇಗಕ್ಕೆ ಲೆಕ್ಕ ಹಾಕಿದ್ರೆ ಸುಮಾರು 46 ಸೆಂಟಿಮೀಟರ್. ನಮ್ಮಲ್ಲಿ ಅದಕ್ಕೆ ಒಂದು ಮೊಳ ಅಂತಾರೆ, ಸಂತೆಯಲ್ಲಿ ಮಲ್ಲಿಗೆ ಅಳೆಯೋ ಅದೇ ಮೊಳ. ಚಿನ್ನಕ್ಕೂ ಏಳನೇ ಸ್ಥಾನಕ್ಕೂ ಇದ್ದ ದೂರ ಹೆಚ್ಚುಕಡಿಮೆ ಎರಡು ಮೊಳ. ಅಷ್ಟರ ನಡುವೆ ಏಳು ಕೈಗಳು ಗೋಡೆ ಮುಟ್ಟಿವೆ.

ಇಂಥ ಫೈನಲ್‌ಗಳಿಗೆ ನಮ್ಮ ಕ್ರೀಡಾಪುಟಗಳಲ್ಲಿ ಒಂದು ಸಿದ್ಧ ವಾಕ್ಯ ಇದೆ: “ಏಳನೇ ಸ್ಥಾನಕ್ಕೆ ತೃಪ್ತಿಪಟ್ಟರು.” ತೃಪ್ತಿಪಟ್ಟರೋ ಇಲ್ವೋ ಅಂತ ಅವರನ್ನ ಕೇಳಿದವರು ಯಾರು? ಒಬ್ಬ ಈಜುಗಾರ ಫೈನಲ್‌ನ ಅಂಚಿನಲ್ಲಿ ಅರ್ಹತೆ ಪಡೆದು, ಮೂರರಲ್ಲಿ ಅತ್ಯುತ್ತಮ ಈಜನ್ನು ಫೈನಲ್‌ಗೇ ಇಟ್ಟುಕೊಂಡಿದ್ದನ್ನು ಈ ವಾಕ್ಯ ಒಂದು ಕ್ರಿಯಾಪದದಲ್ಲಿ ಮುಗಿಸಿಬಿಡುತ್ತೆ. ಅಲ್ಲಿಯವರೆಗೆ ಕಾಮನ್‌ವೆಲ್ತ್ ಕೂಟದ ಈಜಿನಲ್ಲಿ ಭಾರತಕ್ಕೆ ಬಂದಿದ್ದು ಒಂದೇ ಪದಕ, 2010ರಲ್ಲಿ ದೆಹಲಿಯಲ್ಲಿ ಪ್ರಶಾಂತ ಕರ್ಮಾಕರ್ ಪ್ಯಾರಾ ಈಜಿನಲ್ಲಿ ಗೆದ್ದ ಕಂಚು. ಅಂಥ ಕಡೆ 100 ಮೀಟರ್‌ನಲ್ಲಿ ಫೈನಲ್, 50 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಫೈನಲ್ ತಲುಪಿ ಐದನೇ ಸ್ಥಾನ. ಇದನ್ನ ಸಮಾಧಾನ ಹೇಳೋಕೆ ಬರೀತಿಲ್ಲ. ಲೆಕ್ಕದಲ್ಲಿ ಇರ್ಲಿ ಅಂತ.

ಆದ್ರೆ ನನ್ನ ತಕರಾರು ಆ ಸಿದ್ಧ ವಾಕ್ಯಕ್ಕಿಂತ ಹೆಚ್ಚು ನನ್ನಂಥವರ ಮೇಲಿದೆ. “ಬೆಸ್ಟ್ ಟೈಮ್ ಈಜಿದ್ದಿದ್ರೆ ಚಿನ್ನ” ಅನ್ನೋದು ಅಭಿಮಾನದ ಮಾತು ಅನ್ನಿಸುತ್ತೆ, ಡೇಟಾ ಕೂಡ ಇದೆ, ಹಾಗಾಗಿ ಬುದ್ಧಿವಂತಿಕೆಯ ಮಾತೂ ಅನ್ನಿಸುತ್ತೆ. ಎರಡೂ ಅಲ್ಲ. ಎರಡು ಬೇರೆ ಬೇರೆ ಟೇಬಲ್‌ಗಳನ್ನ ಕೀ ಇಲ್ಲದೆ ಜಾಯಿನ್ ಮಾಡಿದ ಹಾಗೆ ಅದು.

ರೋಮ್‌ನ 53.77 ಏನು ಅಂತ ನೋಡಿ. ಅದು ಸೆಟ್ಟೆ ಕೊಲ್ಲಿ ಕೂಟದಲ್ಲಿ ನಡೆದ ಟೈಮ್ ಟ್ರಯಲ್. ಅಲ್ಲಿ ಪದಕ ಇಲ್ಲ, ಎದುರಾಳಿ ಗಡಿಯಾರ ಮಾತ್ರ. ಟೋಕಿಯೋ ಒಲಿಂಪಿಕ್ಸ್‌ನ ಎ ಅರ್ಹತಾ ಸಮಯ 53.85. ಅದರ ಒಳಗೆ ಬರಬೇಕಿತ್ತು, ಬಂದ. ಆ ಟ್ರಯಲ್ ಲೆಕ್ಕಕ್ಕೆ ಬರುತ್ತೆ ಅಂತ ಕೆಲವು ದಿನಗಳ ನಂತರ ಫಿನಾ ಒಪ್ಪಿಗೆ ಕೊಡ್ತು. ಅದೇ ಕೂಟದಲ್ಲಿ ಕೇರಳದ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈನಲ್ಲಿ ಎ ಮಟ್ಟ ಮುಟ್ಟಿದ ಮೊದಲ ಭಾರತೀಯ ಆಗಿದ್ರು. ಇಬ್ಬರದೂ ದೊಡ್ಡ ಸಾಧನೆ. ಆದ್ರೆ ಒಂದು ಸಲ, ಒಂದೇ ಗುರಿಗೆ, ತನ್ನದೇ ಲಯದಲ್ಲಿ ಈಜೋದು ಬೇರೆ. ಹೀಟ್ಸ್, ಸೆಮಿ, ಫೈನಲ್ ಅಂತ ಎರಡು ದಿನ ದೇಹವನ್ನ ಬಿಸಿ ಇಟ್ಟು, ಪಕ್ಕದ ಲೇನ್‌ನ ಅಲೆಯನ್ನ ಮುಖಕ್ಕೆ ಹೊಡೆಸಿಕೊಂಡು ಈಜೋದು ಬೇರೆ.

ನಮ್ಮ ಕೆಲಸದಲ್ಲಿ ಇದು ದಿನಾ ಕಾಣುತ್ತೆ. ಡೆಮೋದಲ್ಲಿ 40 ಮಿಲಿಸೆಕೆಂಡ್‌ಗೆ ಉತ್ತರ ಕೊಟ್ಟ ಸರ್ವಿಸ್ ಲೈವ್ ಹೋದ ದಿನ ಒದ್ದಾಡುತ್ತೆ. ಆಗ “ನನ್ನ ಮಷೀನ್‌ನಲ್ಲಿ ಓಡಿತ್ತು” ಅಂದವನನ್ನ ನಾವೆಲ್ಲ ಸೇರಿ ನಗ್ತೀವಿ. ಅದಕ್ಕೇ ನಾವು ಬೆಸ್ಟ್ ಕೇಸ್ ನೋಡಲ್ಲ, ಪಿ99 ನೋಡ್ತೀವಿ: ನೂರರಲ್ಲಿ ತೊಂಬತ್ತೊಂಬತ್ತು ಸಲ ಎಷ್ಟರೊಳಗೆ ಮುಗಿಯುತ್ತೆ ಅಂತ. ಕೆಲಸದಲ್ಲಿ ಇಷ್ಟು ಗೊತ್ತಿರೋ ನಾನು ಸೋಫಾ ಮೇಲೆ ಕೂತ ತಕ್ಷಣ ಅದೇ “ನನ್ನ ಮಷೀನ್” ವಾದ ಮಾಡಿದ್ದೆ.

ಇನ್ನೂ ಒಂದು ಸಂಖ್ಯೆ ನನಗೆ ಆಮೇಲೆ ಸಿಕ್ತು. 2021ರ ಟೋಕಿಯೋ ಒಲಿಂಪಿಕ್ಸ್‌ನ ಹೀಟ್ಸ್‌ನಲ್ಲಿ ಶ್ರೀಹರಿಯ ಸಮಯ ಎಷ್ಟು ಗೊತ್ತಾ? 54.31. ಅದೇ 54.31, ಒಂದು ಅಂಕಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಲ್ಲಿ ಒಟ್ಟಾರೆ 27ನೇ ಸ್ಥಾನ, ಸೆಮಿಫೈನಲ್ ಇಲ್ಲ. ಇಲ್ಲಿ ಫೈನಲ್‌ನಲ್ಲಿ ಏಳನೇ ಸ್ಥಾನ. ಬರ್ಮಿಂಗ್‌ಹ್ಯಾಮ್‌ಗೆ ಸುಮಾರು ನಲವತ್ತು ದಿನ ಮೊದಲು ಬುಡಾಪೆಸ್ಟ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಇಟಲಿಯ ಥಾಮಸ್ ಚೆಕ್ಕೋನ್ 51.60ರ ವಿಶ್ವದಾಖಲೆ ಮಾಡಿದ್ದ. ಇಟಲಿ, ಅಮೆರಿಕ, ಚೀನಾ ಯಾವುವೂ ಕಾಮನ್‌ವೆಲ್ತ್‌ನಲ್ಲಿ ಇಲ್ಲ. ಅಂದ್ರೆ ನಾನು ಕನಸು ಕಂಡ ಆ ಚಿನ್ನ ಬಂದಿದ್ರೂ ಜಗತ್ತಿನ ಮುಂದಿನ ಸಾಲಿಗೆ ಇನ್ನೂ ಎರಡು ಸೆಕೆಂಡ್ ಇತ್ತು. ಆ ಎರಡು ಸೆಕೆಂಡನ್ನ ದಾಟಿದವನು ಇದೇ ಫೈನಲ್‌ನಲ್ಲಿದ್ದ. ಆಗ 18 ವರ್ಷದ ಕುಟ್ಸೆ, 2025ರ ಜುಲೈನಲ್ಲಿ ಸಿಂಗಪುರದಲ್ಲಿ 51.85ರಲ್ಲಿ ಈಜಿ ವಿಶ್ವ ಚಾಂಪಿಯನ್ ಆದ. ಶ್ರೀಹರಿ 2024ರ ಪ್ಯಾರಿಸ್‌ನಲ್ಲಿ 55.01ಕ್ಕೆ ಹೀಟ್ಸ್‌ನಲ್ಲೇ ನಿಂತ.

ಇಲ್ಲಿ ಕುಟ್ಸೆ ಗಟ್ಟಿ, ಶ್ರೀಹರಿ ಮೆತ್ತಗೆ ಅಂತ ಬರೆದ್ರೆ ಮತ್ತೆ ಅದೇ ಪಾಸ್-ಫೇಲ್. ನನಗೆ ಕಾಣೋದು ಇಷ್ಟು: 53 ಸೆಕೆಂಡಿನವರ ಜೊತೆ ವಾರವಾರ ಈಜಿದವನಿಗೆ 53 ಅನ್ನೋದು ಮಾಮೂಲು ದಿನದ ಕೆಲಸ ಆಗುತ್ತೆ. ತನ್ನ ದೇಶದ ಕೊಳದಲ್ಲಿ ತನ್ನದೇ ದಾಖಲೆಯನ್ನ ಎದುರಾಳಿ ಮಾಡ್ಕೊಂಡು ಬೆಳೆದವನಿಗೆ ಅದು ವರ್ಷಕ್ಕೊಮ್ಮೆ ಬರೋ ಹಬ್ಬ. ಒಲಿಂಪಿಕ್ಸ್‌ಗೆ ಹೋದ ಕರ್ನಾಟಕದ ಈಜುಗಾರರ ಹೆಸರು ನೆನಪಿಸಿಕೊಳ್ಳಿ: 2000ದಲ್ಲಿ ನಿಶಾ ಮಿಲೆಟ್, 2004ರಲ್ಲಿ ಶಿಖಾ ಟಂಡನ್, 2008ರಲ್ಲಿ ರೆಹಾನ್ ಪೊಂಚಾ, 2012ರಲ್ಲಿ ಗಗನ್ ಉಳ್ಳಾಲಮಠ್, ಆಮೇಲೆ ಶ್ರೀಹರಿ. ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ಪಳಗಿದವರು. ಕೃಷ್ಣೆ ಇರೋದು ನಮ್ಮಲ್ಲಿ, ಕೊಳ ಇರೋದು ಅಲ್ಲಿ.

ಇದೆಲ್ಲ ಬರೀ ವಾಟ್ಸಾಪ್ ವಾದ ಆಗಿದ್ದಿದ್ರೆ ಇಷ್ಟುದ್ದ ಬರೀತಿರಲಿಲ್ಲ. 2025ರ ಜನವರಿಯಲ್ಲಿ ಅಕ್ಕನ ಮಗ ಒಂದು ವಿಡಿಯೋ ಕಳಿಸಿದ. ಈಗ ಅವನಿಗೆ ಹದಿಮೂರು. ಕಾಲುವೆಯಲ್ಲಿ ಅಂಗಾತ ಈಜ್ತಿದಾನೆ, ದಡದ ಮೇಲೆ ಗೆಳೆಯ ಮೊಬೈಲಲ್ಲಿ ಟೈಮ್ ಹಿಡಿದು ಜೊತೆಗೇ ಓಡ್ತಿದಾನೆ. ಹಗ್ಗ ಹಿಡಿದು 100 ಮೀಟರ್ ಅಳೆದಿದಾರಂತೆ. 58 ಸೆಕೆಂಡ್! ಕೆಳಗೆ ವಾಯ್ಸ್ ಮೆಸೇಜ್: “ಮಾಮಾ, ಇನ್ನ ನಾಕ ಸೆಕೆಂಡ್ ಕಡಿಮಿ ಆದ್ರ ಸಾಕಲ್ಲ? ನೀನೇ ಹೇಳಿದ್ದಿ, ಅಂವ ಬೆಸ್ಟ್ ಈಸಿದ್ರ ಚಿನ್ನ ಅಂತ.”

ನನ್ನ ಹೊಟ್ಟೆ ತೊಳಸಿತು. ಆ ಕಾಲುವೆಯ ಸಿಮೆಂಟ್ ಇಳಿಜಾರು ಪಾಚಿ ಹಿಡಿದಿರುತ್ತೆ, ನೀರು ಜೋರಿದ್ದಾಗ ಹತ್ತೋಕೆ ಹಿಡಿತ ಸಿಗಲ್ಲ. ಹುಡುಗ ದಿನಾ ಅಲ್ಲಿಗೆ ಹೋಗೋಕೆ ನನ್ನ ಮೆಸೇಜ್ ಕಾರಣ. ಬೈಯೋಣ ಅಂದ್ರೆ ಯಾವ ಬಾಯಲ್ಲಿ ಬೈಯೋದು? ನಾನೂ ಆ ವಯಸ್ಸಲ್ಲಿ ಅಲ್ಲೇ ಇದ್ದವನು. ಕೊನೆಗೆ ಇಂಜಿನಿಯರ್ ಬುದ್ಧಿ ಉಪಯೋಗಿಸಿದೆ. “ನೀರಿಗೆ ಇಳೀಬ್ಯಾಡ. ಒಂದು ಒಣ ಜ್ವಾಳದ ದಂಟು ಒಗದು, ಅದು ಅಷ್ಟೇ ದೂರ ಎಷ್ಟೊತ್ತಿಗೆ ಬರತದ ನೋಡು” ಅಂದೆ. ಅರ್ಧ ಗಂಟೆ ಬಿಟ್ಟು ಸಣ್ಣ ದನಿಯಲ್ಲಿ ಉತ್ತರ ಬಂತು: “ಮಾಮಾ, ದಂಟು ಒಂದು ನಿಮಿಷ ನಲವತ್ತು ಸೆಕೆಂಡಿಗಿ ಬಂತು.”

ಅಂದ್ರೆ ನೀರಿನ ವೇಗವೇ ಸೆಕೆಂಡಿಗೆ ಒಂದು ಮೀಟರ್. ಅದನ್ನ ಕಳೆದ್ರೆ ನಿಂತ ನೀರಲ್ಲಿ ಅವನ 100 ಮೀಟರ್ ಸುಮಾರು 2 ನಿಮಿಷ 18 ಸೆಕೆಂಡ್. ನಾನು ಲೆಕ್ಕ ಬಿಡಿಸಿ ಕಳಿಸಿದೆ. ಎರಡು ದಿನ ಅವನು ಮಾತಾಡಲಿಲ್ಲ. ಅಕ್ಕ ಫೋನ್ ಮಾಡಿ, “ಏನ್ ಹೇಳ್ದೆಪ್ಪಾ ಹುಡುಗಗ? ಊಟಾನೂ ಸರಿ ಮಾಡವಲ್ಲ” ಅಂದಳು. ಬೇಸಿಗೆ ರಜೆಗೆ ಬೆಂಗಳೂರಿಗೆ ಕಳಿಸು, ಅಲ್ಲಿತನಕ ಕಾಲುವೆ ಬಂದ್ ಅಂದೆ.

ಮೇ ತಿಂಗಳಲ್ಲಿ ಅವನನ್ನ ಒಂದು 50 ಮೀಟರ್ ಕೊಳಕ್ಕೆ ಕರ್ಕೊಂಡು ಹೋದೆ. ನಿಂತ ನೀರನ್ನ, ತಳದ ಕಪ್ಪು ಗೆರೆಗಳನ್ನ ತುಂಬಾ ಹೊತ್ತು ನೋಡ್ತಾ ನಿಂತ. ಇಳಿದ, ಅಂಗಾತ ಹೊರಟ. ಚೆನ್ನಾಗೇ ಈಜ್ತಿದ್ದ. ಐವತ್ತನೇ ಮೀಟರಿಗೆ ಡಬ್ ಅಂತ ತಲೆ ಗೋಡೆಗೆ ಹೊಡೀತು. ತಲೆ ಉಜ್ಜಿಕೊಂಡು ವಾಪಸ್ ಬಂದು ಮುಗಿಸೋ ಹೊತ್ತಿಗೆ 2 ನಿಮಿಷ 31. ಅಲ್ಲಿದ್ದ ಕೋಚ್ ಒಬ್ಬರು ನಕ್ಕು, ಮೇಲೆ ಕಟ್ಟಿದ ಬಾವುಟ ತೋರಿಸಿ ಹೇಳಿದ್ರು, ಅದು ಅಲಂಕಾರಕ್ಕಲ್ಲ, ಅಲ್ಲಿಂದ ಕೈ ಎಣಿಸು ಅಂತ. ಕಾಲುವೆಯಲ್ಲಿ ಗೋಡೆಯೇ ಇಲ್ಲ, ಅವನಿಗೆ ಹೇಗೆ ಗೊತ್ತಾಗಬೇಕು?

ಆ ರಾತ್ರಿ ಇಬ್ಬರೂ ಕೂತು ಬರ್ಮಿಂಗ್‌ಹ್ಯಾಮ್ ಫೈನಲ್ ಮತ್ತೆ ನೋಡಿದ್ವಿ. ಈ ಸಲ ಗೆದ್ದವನನ್ನ ಬಿಟ್ಟು ಏಳನೆಯವನನ್ನ ನೋಡಿದ್ವಿ. ಹುಡುಗ ಬಾವುಟ ಬಂದಾಗೆಲ್ಲ ವಿಡಿಯೋ ನಿಲ್ಲಿಸಿ, ಹಿಂದೆ ತಗೊಂಡು, ಬೆರಳಲ್ಲಿ ಕೈ ಎಣಿಸ್ತಿದ್ದ. ಪದಕದ ಬಗ್ಗೆ ಅವನು ಕೇಳಲಿಲ್ಲ. ನಾನೇ ಹೇಳಿದೆ: ಮೂರು ವರ್ಷದ ಹಿಂದೆ ನಾನು ಬರೆದಿದ್ದು ತಪ್ಪು. ಇವನು ಮೂರು ಸಲ ಈಜಿದ, ಮೂರೂ ಸಲ ಮೊದಲಿಗಿಂತ ಜೋರಾಗಿ, ಆದ್ರೂ ಒಂದು ಮೊಳ ಕಡಿಮೆ ಬಿತ್ತು. ಅಷ್ಟೇ ಆಗಿದ್ದು. ಅವನು “ಹೂಂ” ಅಂದು, “ಬಾವುಟ ಎಷ್ಟು ದೂರ ಕಟ್ಟಿರ್ತಾರ?” ಅಂತ ಕೇಳಿದ. ಐದು ಮೀಟರ್ ಅಂದೆ.

ಅವನು ಒಲಿಂಪಿಕ್ಸ್‌ಗೆ ಹೋಗ್ತಾನಾ? ಇಲ್ಲ. ಹದಿಮೂರಕ್ಕೆ ಮೊದಲ ಸಲ ಕೊಳ ನೋಡಿದವನು ಹೋಗಲ್ಲ. ಇದನ್ನ ಅವನಿಗೂ ಹೇಳಿದೀನಿ. ಹೇಳೋದು ಕಷ್ಟ ಆಯ್ತು, ಆದ್ರೆ ಜನವರಿಯ ಆ ವಾಯ್ಸ್ ಮೆಸೇಜ್ ಮತ್ತೆ ಕೇಳೋದಕ್ಕಿಂತ ಸುಲಭ.

ಆಗಸ್ಟ್‌ನಲ್ಲಿ ಒಂದು ಫೋಟೋ ಬಂತು. ದೊಡ್ಡಪ್ಪನ ಬಾವಿ. ಮೇಲೆ ಅಡ್ಡ ಒಂದು ಹಗ್ಗ, ಹಗ್ಗಕ್ಕೆ ಹಳೇ ಸೀರೆಯ ಚಿಂದಿಗಳು ಸಾಲಾಗಿ ಕಟ್ಟಿವೆ. ಕಟ್ಟೆ ಮೇಲೆ ಅಕ್ಕ ಕೂತು ಕಾಯ್ತಿದಾಳೆ. ಬಾವಿಯ ಅಗಲ ಹನ್ನೆರಡು ಮೀಟರೂ ಇಲ್ಲ. ಆದ್ರೂ ಗೋಡೆಯಿಂದ ಹಗ್ಗಕ್ಕೆ ಅಳೆದು ಐದು ಮೀಟರ್ ಬಿಟ್ಟಿದಾನೆ. ಕೆಳಗೆ ಬರೆದಿದ್ದ: “ಐದು ಕೈ, ಮಾಮಾ. ಈಗ ತಲಿ ಬಡಿಯಂಗಿಲ್ಲ.”